ನಾನೇ ಸುತ್ತಿದ್ದು

ಸುಟ್ಟುಹೋದ ಫ್ಯಾನನ್ನು ಬಸವೇಶ್ವರನಗರದ ವೈಂಡಿಂಗ್ ಅಂಗಡಿಗೆ ಕೊಟ್ಟಿದ್ದೆ. ಮೊನ್ನೆ ವಾಪಸ್ ತರಲು ಹೋದಾಗ ಮೆಟ್ಟಿಲಲ್ಲೇ, ಸುತ್ತಿದ ತಂತಿಗೆ ಬಳಿಯುವ ಹಸಿ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ತಲೆನೋವು ತರಿಸುವ ವಾಸನೆ ಅದು. ನನಗೆ ಮಾತ್ರ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಶೆಡ್ಡು ನೆನಪಾಯಿತು. ಶೆಡ್ಡಿನ ಬಾಗಿಲಾಚೆ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ ನಮ್ಮ ಸೂಪರ್‌ವೈಸರ್ ನೆನಪಾದರು...

ಎಂಬತ್ತರ ದಶಕದ ಮಾತು. ಪಂಪಿನ ಮೋಟರಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕೆ ನಾವು ಒಂಬತ್ತು ಹೆಂಗಸರಿದ್ದೆವು. ಕೈಯಲ್ಲಿ ಚಕ್ರದ ಹಿಡಿ ತಿರುಗಿಸುತ್ತಾ ಮನಸ್ಸಿನಲ್ಲೇ ಸುತ್ತು ಎಣಿಸಬೇಕು. ಎಣಿಕೆ ತಪ್ಪಿದರೆ ಮೋಟರು ಕಾದು ಸುಟ್ಟುಹೋಗುತ್ತದೆ. ಇವರಿಗಿಂತ ಮುಂಚೆ ಇದ್ದ ಸೂಪರ್‌ವೈಸರ್ ನಮ್ಮ ಬೆನ್ನ ಹಿಂದೆಯೇ ನಿಂತು ತಾನೂ ಎಣಿಸುತ್ತಿದ್ದ. ಅವನು ನಿಂತಿದ್ದಾಗ ನಾವು ಎಣಿಸುತ್ತಿರಲಿಲ್ಲ, ಹೇಗೂ ಅವನು ಎಣಿಸುತ್ತಿದ್ದನಲ್ಲ! ಅವನು ಅತ್ತ ಹೋದಾಗಲಂತೂ ಕೇಳಲೇಬೇಡಿ.

ಇವರು ಬಂದ ದಿನವೇ ಸ್ಟೂಲನ್ನು ಹೊರಗೆ ಹಾಕಿಸಿಕೊಂಡರು. ಮೋಟರಿನೊಳಗೆ ಹಾಕುವ ದಪ್ಪ ಕಾಗದದ ಚೂರುಗಳನ್ನು ನಮಗೆ ಹಂಚಿದರು.

“ಸುತ್ತಿದವರು ಪೆನ್ಸಿಲಲ್ಲಿ ಹೆಸರು ಬರೆದು ಕಾಯಿಲ್‌ಗೆ ಕಟ್ಟಿಬಿಡ್ರಮ್ಮಾ. ಎಣಿಕೆ ತಪ್ಪಿದ್ರೆ ಬಿಚ್ಚಿ ಮತ್ತೆ ಸುತ್ತಿ. ತಂತಿ ಹಾಳಾದ್ರೆ ಆಗ್ಲಿ, ಓನರಿಗೆ ನಾನು ಹೇಳ್ಕೋತೀನಿ.”

ಅಷ್ಟೇ. ನಮಗೆ ನಗು ಬಂತು. ಇದ್ಯಾವ ಸೀಮೆ ಸೂಪರ್‌ವೈಸರಪ್ಪಾ ಅಂತ ಮುಸಿಮುಸಿ ನಕ್ಕೆವು. ಆದರೆ ಹೆಸರು ಬರೆಯಲು ಶುರುವಾದ ಮೇಲೆ ಕೈ ತಾನಾಗಿಯೇ ಹುಷಾರಾಯಿತು. ಒಬ್ಬಳು ಎಣಿಸುವಾಗ ಪಕ್ಕದವಳು ಮಾತಾಡಿಸುವುದು ನಿಂತಿತು. ಅನುಮಾನ ಬಂದರೆ, ಯಾರೂ ಹೇಳದೆ, ನಾವೇ ಬಿಚ್ಚಿ ಸುತ್ತುತ್ತಿದ್ದೆವು. ಅವರು ಮೂರು ಗಂಟೆಯ ಟೀ ಹೊತ್ತಿಗೆ ಮಾತ್ರ ಒಳಗೆ ಬಂದು, “ಏನಮ್ಮಾ, ಯಾರಿಗಾದ್ರೂ ಏನಾದ್ರೂ ತೊಂದ್ರೆನಾ?” ಎಂದು ಕೇಳುತ್ತಿದ್ದರು. ಹೇಳಿದ ತೊಂದರೆ ಸಾಮಾನ್ಯವಾಗಿ ಸಂಜೆಯೊಳಗೆ ಸರಿಹೋಗುತ್ತಿತ್ತು.

ಒಂದು ದಿನ ಮಗಳಿಗೆ ಜ್ವರ. ಕುರುಬರಹಳ್ಳಿಯ ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆ. ಟೀ ಹೊತ್ತಿಗೆ ಅವರು ಎಂದಿನಂತೆ ಕೇಳಿದರು. “ಏನಿಲ್ಲ ಸಾರ್” ಎಂದೆ. ಯಾಕೆ ಹಾಗಂದೆನೋ, ಇವತ್ತಿಗೂ ಗೊತ್ತಿಲ್ಲ. ಅದಾದ ಮೇಲೆ ಸುತ್ತಿದ ಕಾಯಿಲಿನಲ್ಲಿ ಲೆಕ್ಕ ತಪ್ಪಿತು... ಎಂಬತ್ತೋ, ತೊಂಬತ್ತೋ... ಬಿಚ್ಚಬೇಕಿತ್ತು. ಮನೆಗೆ ಓಡುವ ಆತುರದಲ್ಲಿ ಅಂದಾಜಿನ ಮೇಲೆ ಮುಗಿಸಿ, ಹೆಸರು ಬರೆದು ಕಟ್ಟಿಬಿಟ್ಟೆ.

ಆ ಮೋಟರು ಸುಟ್ಟು ವಾಪಸ್ ಬಂತು. ಸೂಪರ್‌ವೈಸರೇ ಕೂತು ಬಿಚ್ಚಿದರು. ಓನರು ಶೆಡ್ಡಿನ ನಡುವೆ ನಿಂತು ಕೂಗಾಡಿದರು: “ಯಾರು ಸುತ್ತಿದ್ದು ಇದನ್ನ?”

ನನ್ನ ಹೆಸರಿನ ಚೀಟಿ ಸೂಪರ್‌ವೈಸರ್ ಮುಷ್ಟಿಯಲ್ಲಿತ್ತು. ಅವರು ನನ್ನತ್ತ ನೋಡಲಿಲ್ಲ. ಆದರೆ ಕಾದರು. ಕಾದರು ಅಂತ ನನಗೆ ಗೊತ್ತು. ನಾನೇ ಸಾರ್, ಎರಡೇ ಮಾತು. ಗಂಡ ಕೆಲಸಕ್ಕಿದ್ದ ಫ್ಯಾಕ್ಟರಿ ಆಗ ಬೀಗ ಹಾಕಿ ಕೂತಿತ್ತು. ನನ್ನ ಕೆಲಸವೂ ಹೋದರೆ ಗತಿಯೇನು? ಕೈಯಲ್ಲಿದ್ದ ತಂತಿಯನ್ನೇ ನೋಡುತ್ತಾ ಕೂತೆ.

“ನನ್ನ ಸೆಕ್ಷನ್ ಸಾರ್. ಜವಾಬ್ದಾರಿ ನಂದೇ” ಎಂದರು ಅವರು.

“ಹೊರಗೆ ಸ್ಟೂಲ್ ಹಾಕ್ಕೊಂಡು ಕೂತ್ರೆ ಇನ್ನೇನಾಗತ್ತೆ?” ಎಂದರು ಓನರು. ಆ ತಿಂಗಳ ಕೊನೆಗೆ ಅವರನ್ನು ಕಳಿಸಿಯೇಬಿಟ್ಟರು.

ಕೊನೆಯ ದಿನ ಟೀ ಹೊತ್ತಿಗೆ ಅವರು ನನ್ನ ಮೇಜಿನ ಹತ್ತಿರ ಬಂದು, ಅಂಚು ಕಪ್ಪಾಗಿದ್ದ ಆ ಚೀಟಿಯನ್ನು ಮೆಲ್ಲಗೆ ಇಟ್ಟರು. ಮಗಳ ಜ್ವರದ ವಿಷಯ ಪಕ್ಕದವಳು ಹೇಳಿರಬೇಕು. “ಅವತ್ತೇ ಹೇಳಿದ್ದಿದ್ರೆ ಮನೆಗೆ ಕಳಿಸ್ತಿದ್ದೆನಲ್ಲಮ್ಮಾ” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಹುಡುಕಲೂ ಇಲ್ಲ, ಹುಡುಕಿದರೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು?

ಮುಂದೆ ಬೇರೆ ಕಡೆ ನಾನೂ ಸೂಪರ್‌ವೈಸರ್ ಆದೆ. ಸ್ಟೂಲು ಹೊರಗೆ ಹಾಕಲಿಲ್ಲ. ಹುಡುಗಿಯರ ಬೆನ್ನ ಹಿಂದೆ ನಿಂತು, ಒಂದೊಂದು ಸುತ್ತನ್ನೂ ನಾನೇ ಎಣಿಸಿದೆ. ಬಲು ಸ್ಟ್ರಿಕ್ಟ್ ಎಂದರು ಎಲ್ಲರೂ. ಸ್ಟ್ರಿಕ್ಟೂ ಇಲ್ಲ, ಮಣ್ಣೂ ಇಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನನ್ನನ್ನು ನಾನೇ ನಂಬದವಳು ಇನ್ನೊಬ್ಬರನ್ನು ಹೇಗೆ ನಂಬಲಿ? ನಿಂತು ನಿಂತು ಕಾಲು ಬಾತುಕೊಂಡವು. ರಿಟೈರ್ ಆಗಿ ಇಷ್ಟು ವರ್ಷವಾದರೂ ಆ ಸುಸ್ತು ಇಳಿದಿಲ್ಲ.

ಮೊನ್ನೆ ಆ ಅಂಗಡಿಯವನು ಫ್ಯಾನ್ ತಿರುಗಿಸಿ ತೋರಿಸಿದ. ನನ್ನಷ್ಟೇ ತಲೆ ನರೆತವನು. ಬಾಯಿತಪ್ಪಿ ಕೇಳಿಬಿಟ್ಟೆ: “ಯಾರಪ್ಪಾ ಸುತ್ತಿದ್ದು ಇದನ್ನ?”

“ನಾನೇ ಅಮ್ಮಾ. ಯಾಕೆ, ಏನಾದ್ರೂ ತೊಂದ್ರೆನಾ?”

ಎಷ್ಟು ಸಲೀಸಾಗಿ ಅಂದುಬಿಟ್ಟ... ಅವನು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ.

“ಏನಿಲ್ಲಪ್ಪಾ” ಎಂದೆ.