ಗುಣಪಾಲಣ್ಣನ ಎತ್ತರದ ಜಾಗ

ಕರಾಮದ ಗುಣಪಾಲಣ್ಣನ ಜೊತೆ ಡೇರೆ ಹಾಕಲು ಹೋದವರು ಆಮೇಲೆ ಒಂದು ವಾರ ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಚಳಿಗಾಲದ ರಜೆಯ ಶುಕ್ರವಾರಗಳಲ್ಲಿ ಗಲ್ಫಿನಲ್ಲಿ ದುಡಿಯುವ ನಮ್ಮವರೆಲ್ಲ ರಾಸ್ ಅಲ್ ಖೈಮಾದ ಗುಡ್ಡಗಳಿಗೆ ಹೋದರೆ, ಅಲ್ಲಿ ಬತ್ತಿದ ತೊರೆಯ ಮರಳು ಹಾಸಿಗೆಯಂತೆ ಮೆತ್ತಗೆ ಬಿದ್ದಿರುತ್ತಿತ್ತು. ಗುಣಪಾಲಣ್ಣ ಅದರ ಮೇಲೆ ಚಾಪೆ ಬಿಡಿಸಲೂ ಬಿಡುತ್ತಿರಲಿಲ್ಲ. "ಇದು ನೀರಿನ ದಾರಿ ಮಾರಾಯ್ರೇ, ಯಲ್ಲಾ, ಬೇಗ ಬೇಗ ಮೇಲೆ ಹತ್ತಿ!" ಎಂದು ಕೋಳಿ ಸುಕ್ಕದ ಪಾತ್ರೆಯಿಂದ ಹಿಡಿದು ಗ್ಯಾಸ್ ಸಿಲಿಂಡರಿನವರೆಗೆ ಎಲ್ಲವನ್ನೂ ಕಲ್ಲು ದಿಬ್ಬಕ್ಕೆ ಹೊರಿಸುತ್ತಿದ್ದ. ಮೋಡವೇ ಇಲ್ಲವಲ್ಲ ಎಂದರೆ, "ನಮ್ಮ ತಲೆ ಮೇಲಿನ ಆಕಾಶ ಎಂತಕ್ಕೆ ನೋಡ್ತೀರಿ? ಆ ದೂರದ ಗುಡ್ಡದ ಮೇಲಿನದ್ದು ನೋಡಿ. ಅಲ್ಲಿ ಮಳೆ ಬಂದ್ರೆ ನೀರು ಇಲ್ಲಿಗೇ ಬರುದು" ಎನ್ನುತ್ತಿದ್ದ. "ಬಚ್ಚಲಿನ ನಲ್ಲಿ ಜೋರು ಬಿಟ್ರೂ ಇವರು ಮಂಚ ಹತ್ತಿ ಕೂರ್ತಾರೆ" ಎಂದು ಹೆಂಡತಿ ವಸಂತಿ ಊರಿಗೆಲ್ಲ ಹೇಳಿ ನಗಿಸುತ್ತಿದ್ದಳು. 2016ರ ಮಾರ್ಚಿನ ಒಂದು ಮಧ್ಯಾಹ್ನ, ಎಲ್ಲರೂ ದಿಬ್ಬದ ಮೇಲೆ ಊಟಕ್ಕೆ ಕೂತಿದ್ದಾಗ, ಒಂದು ಹನಿಯೂ ಬೀಳದ ಬಿಸಿಲಿನಲ್ಲಿ ತೊರೆಯ ತಿರುವಿನಾಚೆ ಹತ್ತು ಲಾರಿ ಬಂದಂತೆ ಸದ್ದಾಯಿತು. ಮಣ್ಣು ಬಣ್ಣದ ನೀರು ಬಂಡೆಗಳನ್ನು ಉರುಳಿಸಿಕೊಂಡು ನುಗ್ಗಿ, ಗುಂಪಿನ ಹುಡುಗ ಲತೇಶ ಹಟ ಹಿಡಿದು ಕೆಳಗೇ ಕಟ್ಟಿದ್ದ ವಾಲಿಬಾಲ್ ನೆಟ್ಟನ್ನು ಕಂಬಸಮೇತ ಒಯ್ದಿತು. ಹುಡುಗರು ಅಲ್ಲಿ ಆಡಿ ಮೇಲೆ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಇನ್ನು ವರ್ಷವಿಡೀ ಇವನ ಜಂಬ ಕೇಳಬೇಕಲ್ಲ ಎಂದು ಎಲ್ಲರೂ ತಿರುಗಿದರೆ, ಗುಣಪಾಲಣ್ಣ ಬಿಳಿಚಿಕೊಂಡು ಕಲ್ಲಿನ ಮೇಲೆ ಕುಸಿದು ಕೂತಿದ್ದ. "ಎಂತ ಆಯ್ತು ನಿಮಗೆ?" ಎಂದಳು ವಸಂತಿ. "ನಾನು ಓದಿ ಹೇಳ್ತಾ ಇದ್ದದ್ದು ಮಾರಾಯ್ತಿ. ಕಣ್ಣಾರೆ ನೋಡಿದ್ದು ಇವತ್ತೇ" ಎಂದವನು, ಮಕ್ಕಳ ತಲೆಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದ.