ಬುಧವಾರದ ಪರವಾನಗಿ

ಕುಂಬಾರ ಪಾಪಯ್ಯ ನಲವತ್ತು ವರ್ಷ ಮಡಕೆ ಸುಡುವ ಆವಿಗೆಗೆ ಬೆಂಕಿ ಇಟ್ಟದ್ದು ಗಾಳಿಯನ್ನು ಕೇಳಿಯೇ. ಹಿಡಿ ಬೂದಿಯನ್ನು ಮೇಲಕ್ಕೆ ಎರಚುತ್ತಿದ್ದ. ಅದು ಕೆರೆಯ ಕಡೆ ಹೋದರೆ ಬೆಂಕಿ ಹಚ್ಚುತ್ತಿದ್ದ, ಕೇರಿಯ ಕಡೆ ಹೋದರೆ ಮರುದಿನಕ್ಕೆ ಬಿಡುತ್ತಿದ್ದ. ಅವನಪ್ಪ ಮಾಡುತ್ತಿದ್ದದ್ದೂ ಅಷ್ಟೇ.

ಯುದ್ಧದ ವರ್ಷಗಳಲ್ಲಿ ಪೇಟೆಗೆ ಹೊಸ ಕಾನೂನು ಬಂತು. ಬಯಲಲ್ಲಿ ಏನು ಸುಡಬೇಕಾದರೂ ಪರವಾನಗಿ ಚೀಟಿ ಬೇಕು, ಅದರಲ್ಲಿ ಬರೆದ ದಿನವೇ ಸುಡಬೇಕು. ಗಾಳಿಯ ಮಾತು ಆ ಕಾನೂನಿನಲ್ಲಿ ಎಲ್ಲೂ ಇರಲಿಲ್ಲ. ಪಾಪಯ್ಯ ಮೂರು ವಾರ ಕಚೇರಿಗೆ ಅಲೆದ. ಬೂದಿಗೆರೆ ಊರಿನ ಮದುವೆಯೊಂದಕ್ಕೆಂದು ಒಪ್ಪಿಕೊಂಡ ಗಡಿಗೆಗಳು ಹಸಿಯಾಗಿಯೇ ಕೂತಿದ್ದವು. ಕೊನೆಗೆ ಗುಮಾಸ್ತ ಚೀಟಿ ಕೊಟ್ಟು, “ಬುಧವಾರ. ತಪ್ಪಿಸಿದ್ರೆ ಮತ್ತೆ ಅರ್ಜಿ ಹಾಕ್ಬೇಕು ಕಣಯ್ಯ” ಎಂದ.

ಬುಧವಾರ ಬೆಳಿಗ್ಗೆ ಎರಚಿದ ಬೂದಿ ನೇರವಾಗಿ ಕೇರಿಯ ಮುದುಕಿ ಅಮ್ಮಯಮ್ಮನ ಹುಲ್ಲು ಹೊದಿಸಿದ ಮನೆಯ ಕಡೆ ಹೋಯಿತು. ಪಾಪಯ್ಯ ಇನ್ನೊಂದು ಹಿಡಿ ಎರಚಿದ. ಅದೂ ಅತ್ತಲೇ ಹೋಯಿತು. ಅವನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚೀಟಿಯನ್ನು ಮುಟ್ಟಿ ನೋಡಿಕೊಂಡು ಬೆಂಕಿ ಹಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಅಮ್ಮಯಮ್ಮನಿಗೆ ಸೂರು ಇರಲಿಲ್ಲ. ಕರಿಹಿಡಿದ ಗೋಡೆಯ ಮುಂದೆ ಆ ಮುದುಕಿ ಉಳಿದ ಒಂದು ಮೇಕೆಯನ್ನು ತಬ್ಬಿಕೊಂಡು ಕೂತಿದ್ದಳು. ವಿಚಾರಣೆಗೆ ಬಂದ ದಫೇದಾರ ಚೀಟಿಯನ್ನು ಹಿಂದೆಮುಂದೆ ತಿರುಗಿಸಿ ಓದಿದ.

“ದಿನ ಸರಿಯಾಗೈತೆ, ಮೊಹರೂ ಐತೆ. ನಿಂದೇನೂ ತಪ್ಪಿಲ್ಲ, ಮನೆಗೆ ಹೋಗಪ್ಪ.”

ಪಾಪಯ್ಯ ಹೋಗಲಿಲ್ಲ. ಬೂದಿ ಮೆತ್ತಿದ ಅಂಗೈಯನ್ನು ದಫೇದಾರನ ಮುಂದೆ ಹಿಡಿದ.

“ನಾನು ನೋಡಿದ್ದೆ ಸ್ವಾಮಿ,” ಎಂದ. “ಎರಡು ಸಲ ನೋಡಿದ್ದೆ.”