ತೆಗ್ದು ತೋರ್ಸಮ್ಮ

ಚನ್ನಪಟ್ಟಣದಲ್ಲಿ ನಮ್ಮ ಎದುರುಮನೆಯ ಬಾಷಾ ಚಾಚಾ ತಾವು ಮಾಡಿದ ಪ್ರತಿ ಗಿಲಕಿಯನ್ನೂ ಮೊದಲು ತಮ್ಮ ಬಾಯಿಗೇ ಇಟ್ಟುಕೊಳ್ಳುತ್ತಿದ್ದರು. ಬಿಳಿ ಗಡ್ಡದ ಮನುಷ್ಯ ಬಾಗಿಲಲ್ಲಿ ಕುಳಿತು ಕೆಂಪು ಗಿಲಕಿ ಚೀಪುವುದನ್ನು ನೋಡಿ ಹೊಸಬರು ನಗುತ್ತಿದ್ದರು. "ಮಗು ಬಾಯ್ಗೋಗೋದು ಕಣಮ್ಮ. ಬಣ್ಣ ಬುಡ್ತದಾ ಅಂತ ನಾನ್ ನೋಡ್ದೆ ಇನ್ಯಾರ್ ನೋಡಾರು?" ಎನ್ನುತ್ತಿದ್ದರು.

ಸರ್ಕಾರದ ಮಾತಿಗೂ ಅದೇ ಪರೀಕ್ಷೆ. ಅದನ್ನು ಕಲಿಸಿದ್ದು ಅವರ ದಾದಿ, ಅಂದರೆ ಅಪ್ಪನ ತಾಯಿ. ಆಕೆ ಹುಡುಗಿಯಾಗಿದ್ದಾಗ ಇನ್‌ಫ್ಲುಯೆಂಜಾ ಬಂದಿತ್ತಂತೆ. "ಊರಾಚೆ ಡೇರೆ ಹಾಕಿ ಔಸ್ದಿ ಪೆಟ್ಗೆ ಜೋಡ್ಸಿದ್ರಂತೆ, ಎಲ್ಲಾ ರೆಡಿ ಐತೆ ಅಂತ ತಮಟೆ ಹೊಡ್ಸಿದ್ರಂತೆ. ದಾದಿ ತನ್ ಪುಟ್ ತಮ್ಮನ್ನ ಎತ್ಕೊಂಡು ಓಡಿದ್ರೆ, ಪೆಟ್ಗೆ ಒಳಗೆ ಬರೀ ಹುಲ್ಲು!" ಆ ಜ್ವರದಲ್ಲೇ ತೀರಿಹೋದ, ತಾವು ಎಂದೂ ಕಾಣದ ಆ ಹುಡುಗನ ಹೆಸರಿಲ್ಲದ ಗೋರಿಗೆ ಚಾಚಾ, ಸತ್ತವರನ್ನು ನೆನೆಯುವ ಪ್ರತಿ ಶಬ್ ಎ ಬರಾತ್ ರಾತ್ರಿಯೂ ಊದುಬತ್ತಿ ಹಚ್ಚುತ್ತಿದ್ದರು.

ನಾನು ಸರ್ಕಾರಿ ಆಸ್ಪತ್ರೆಯ ನರ್ಸ್. ಈ ಕಥೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. "ಆ ಕಾಲ ಹೋಯ್ತು ಚಾಚಾ" ಎಂದು ರೇಗುತ್ತಿದ್ದೆ.

ಕೊರೊನಾದ ಎರಡನೇ ಅಲೆಯಲ್ಲಿ ಅವರ ತುಂಬುಗರ್ಭಿಣಿ ಸೊಸೆಗೆ ಜ್ವರ ಬಂತು. ನಮ್ಮಲ್ಲೇ ಸೇರಿಸುವುದೋ, ಮಂಡ್ಯಕ್ಕೆ ಓಡುವುದೋ? ಕೇಳಲು ಚಾಚಾ ಆಸ್ಪತ್ರೆಗೇ ಬಂದರು. "ಆಕ್ಸಿಜನ್ ಎಲ್ಲ ರೆಡಿ ಇದೆ, ಕರ್ಕೊಂಡ್ ಬನ್ನಿ" ಎಂದರು ನಮ್ಮ ಡಾಕ್ಟರ್ ಸಾಹೇಬರು. ಚಾಚಾ ನನ್ನ ಕಡೆ ತಿರುಗಿ, "ಒಸಿ ತೆಗ್ದು ತೋರ್ಸಮ್ಮ" ಎಂದರು.

ಸಿಟ್ಟಿನಿಂದಲೇ ಒಂದೊಂದೇ ಸಿಲಿಂಡರಿನ ವಾಲ್ವ್ ತಿರುಗಿಸಿದೆ. ಮೊದಲನೆಯದು ಸುಂಯ್ ಎಂದಿತು. ಅದರ ಪಕ್ಕದ್ದು ಸುಮ್ಮನಿತ್ತು. ಅದರಾಚೆಯದೂ ಸುಮ್ಮನಿತ್ತು. ಚಾಚಾ ಬೈಯಲಿಲ್ಲ. ಸೊಸೆಯನ್ನು ಮಂಡ್ಯಕ್ಕೆ ಕರೆದೊಯ್ದರು. ತಾಯಿ, ಮಗು ಇಬ್ಬರೂ ಉಳಿದರು.

ಆ ಓಡಾಟದಲ್ಲೇ ಜ್ವರ ಅವರಿಗೂ ಅಂಟಿತು. ಅಷ್ಟರಲ್ಲಿ ನಮ್ಮಲ್ಲಿ ಹೊಸ ಸಿಲಿಂಡರ್ ಬಂದಿದ್ದವು. ಚಾಚಾರನ್ನು ನಮ್ಮಲ್ಲೇ ಸೇರಿಸಿದರು. ಅವರಿಗೆ ಮಾತಾಡಲು ಶಕ್ತಿಯಿರಲಿಲ್ಲ, ಕಣ್ಣು ಮಾತ್ರ ಸಿಲಿಂಡರ್ ಮೇಲಿತ್ತು. ನಾನು ನಿಯಮ ಮೀರಿ ನನ್ನ ಮಾಸ್ಕ್ ಕೆಳಗಿಳಿಸಿ, ಆ ಗಾಳಿಯನ್ನು ಮೊದಲು ನನ್ನ ಬಾಯಿಗೇ ಹಿಡಿದು ತೋರಿಸಿದೆ. ಚಾಚಾ ಕಣ್ಣಲ್ಲೇ ನಕ್ಕರು. ಗಾಳಿ ಇತ್ತು, ಆದರೂ ಅವರು ಉಳಿಯಲಿಲ್ಲ. ಆ ಸಂಕಟ ನನಗೆ ಇನ್ನೂ ಆರಿಲ್ಲ.

ಈಗ ಮತ್ತೆ ಯಾವುದೋ ಜ್ವರದ ಸುದ್ದಿ. ಮೊನ್ನೆ ಆಸ್ಪತ್ರೆಯ ಮೀಟಿಂಗಿನಲ್ಲಿ ಸಾಹೇಬರು ಎಲ್ಲ ರೆಡಿ ಇದೆ ಎಂದರು. ನಾನು ಎದ್ದು ನಿಂತು, "ಒಸಿ ತೆಗೆದು ತೋರಿಸಿ ಸಾರ್" ಎಂದೆ. ನಗುತ್ತಾರೇನೋ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.